ವೇಲ್ಸ್ ಗುಡ್ಡಗಳಲ್ಲಿ ಒಂದು ವಾರ: ವೇಳಾಪಟ್ಟಿ ಬೇಡ, ಚೀಟಿ ಬರೆಯಿರಿ

ಮೊದಲ ಸಲ ಅಕ್ಕ-ಭಾವನನ್ನು ವೇಲ್ಸ್‌ಗೆ ಕರೆದುಕೊಂಡು ಹೋದಾಗ ನಾನು ಚೆಂದದ ಒಂದು ವೇಳಾಪಟ್ಟಿ ಮಾಡಿದ್ದೆ. ಸೋಮವಾರ ಇಂಥ ಕೆರೆ, ಮಂಗಳವಾರ ಇಂಥ ಗುಡ್ಡ, ಬುಧವಾರ ದೇಶದಲ್ಲೇ ಎತ್ತರದ ಸ್ನೋಡನ್ ಶಿಖರ. ಬುಧವಾರ ಬೆಳಗ್ಗೆ ಎದ್ದು ನೋಡಿದರೆ ಎದುರು ಮನೆಯೂ ಕಾಣದಷ್ಟು ಮೋಡ. ಆದರೂ ಹೊರಟೆವು, ಪಟ್ಟಿಯಲ್ಲಿ ಹಾಗಿತ್ತಲ್ಲ! ಭಾವ ಜೀನ್ಸ್ ಹಾಕಿದ್ದರು. ಶಿವಮೊಗ್ಗದವರು, ಮಳೆಗೆಲ್ಲ ಹೆದರುವವರಲ್ಲ. "ಏನೋ ಮಾರಾಯ, ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದೆ. ಇದು ಬರೀ 1,085" ಎಂದು ನಗುತ್ತಾ ಹತ್ತತೊಡಗಿದವರು ಎರಡು ಗಂಟೆ ಆದಮೇಲೆ ಒಂದು ಬಂಡೆಯ ಮರೆಯಲ್ಲಿ ಹಲ್ಲು ಕಟಕಟಿಸುತ್ತಾ ಕೂತಿದ್ದರು. ಅಲ್ಲಿಂದಲೇ ವಾಪಸ್. ಗುರುವಾರ ಇಡೀ ದಿನ ಬಿಸಿಲು. ಪಟ್ಟಿಯಲ್ಲಿ ಗುರುವಾರಕ್ಕೆ ಕೋಟೆ ಇತ್ತು, ಟಿಕೆಟ್ ಮೊದಲೇ ತೆಗೆದಾಗಿತ್ತು. ಕೋಟೆ ಗೋಡೆಯ ಮೇಲೆ ನಿಂತು ದೂರದ ಬೆಟ್ಟಗಳನ್ನು ನೋಡಿಕೊಂಡು ಬಂದೆವು.

ಮುಂದಿನ ವರ್ಷ ಅಕ್ಕನೇ ದಾರಿ ತೋರಿಸಿದಳು. "ಪಟ್ಟಿ ಹರಿದುಹಾಕು. ಒಂದೊಂದು ನಡಿಗೆಗೆ ಒಂದೊಂದು ಚೀಟಿ ಬರೆ. ದಿನಾ ರಾತ್ರಿ ಹವಾಮಾನ ನೋಡಿ ಒಂದು ಚೀಟಿ ಎತ್ತೋಣ." ಈ ಲೇಖನ ಇರುವುದು ಆ ಚೀಟಿಗಳ ಬಗ್ಗೆ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವವರು, ಮಕ್ಕಳನ್ನು ನೋಡಲು ಬಂದ ಅಪ್ಪ-ಅಮ್ಮ, ಬೆಂಗಳೂರಿನಿಂದ ನೇರ ಬರುವವರು ಎಲ್ಲರಿಗೂ ಇದು ಆಗುತ್ತದೆ. ಅಪ್ಪ-ಅಮ್ಮನ ಮಂಡಿ ಮಾತ್ರ ನೀವೇ ವಿಚಾರಿಸಿಕೊಳ್ಳಿ.

ಮೊದಲು ಜಾಗ, ಆಮೇಲೆ ತಿಂಗಳು

ವೇಲ್ಸ್‌ನಲ್ಲಿ ಮೂರು ರಾಷ್ಟ್ರೀಯ ಉದ್ಯಾನಗಳಿವೆ. ಪೆಂಬ್ರೋಕ್‌ಶೈರ್ ಸಮುದ್ರ ತೀರದ್ದು. ದಕ್ಷಿಣದ ಬನ್ನೈ ಬ್ರಹೈನಿಯೊಗ್, ಅಂದರೆ ಹಳೆಯ ಹೆಸರಿನ ಬ್ರೆಕನ್ ಬೀಕನ್ಸ್, ಹುಲ್ಲುಗಾವಲಿನ ದೊಡ್ಡ ದೊಡ್ಡ ಬೆನ್ನುಗಳ ಸೀಮೆ. ಅಲ್ಲಿನ ಅತಿ ಎತ್ತರದ ಪೆನ್-ಅ-ವಾನ್ 886 ಮೀಟರ್. ಕಾರ್ಡಿಫ್ ಕಡೆಯವರು ಶನಿವಾರ ಬೆಳಗ್ಗೆ ಹೋಗಿ ಸಂಜೆಗೆ ಮನೆಗೆ ಬರಬಹುದು. ಆದರೆ ಒಂದು ವಾರ ಪೂರ್ತಿ ಕೈಯಲ್ಲಿದ್ದರೆ ಉತ್ತರದ ಎರರಿಗೆ ಹೋಗಿ. ಕಲ್ಲು, ಕೆರೆ, ಕಾಡು, ಕೋಟೆ, ಗಣಿ ಎಲ್ಲವೂ ಒಂದು ಗಂಟೆಯ ಬಸ್ ದೂರದೊಳಗೆ ಸಿಗುವುದು ಅಲ್ಲಿ.

ಎರರಿ ಅಂದರೆ ನಾವು ಶಾಲೆಯಲ್ಲಿ ಓದಿದ ಸ್ನೋಡೋನಿಯಾ. ಸ್ನೋಡನ್ ಶಿಖರದ ವೆಲ್ಷ್ ಹೆಸರು ಎರ್ ವಿದ್ವ. 2022ರ ನವೆಂಬರಿನಲ್ಲಿ ಉದ್ಯಾನದ ಆಡಳಿತದವರು ಇನ್ನು ಮುಂದೆ ವೆಲ್ಷ್ ಹೆಸರುಗಳನ್ನೇ ಬಳಸುತ್ತೇವೆ ಎಂದು ತೀರ್ಮಾನಿಸಿದರು. ಊರಿನ ಫಲಕಗಳಲ್ಲೂ ವೆಲ್ಷ್ ಮೇಲೆ, ಇಂಗ್ಲಿಷ್ ಕೆಳಗೆ. ಕನ್ನಡದವರಿಗೆ ಇದನ್ನು ನೋಡುವಾಗ ಸಣ್ಣದೊಂದು ಖುಷಿ, ಸಣ್ಣದೊಂದು ಹೊಟ್ಟೆಕಿಚ್ಚು ಎರಡೂ ಆಗುತ್ತದೆ.

ತಿಂಗಳ ವಿಷಯದಲ್ಲಿ ನನ್ನ ಮಾತು ಕೇಳಿ: ಮೇ ಮಧ್ಯದಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತದೆ, ನಿಧಾನವಾಗಿ ನಡೆಯುವವರಿಗೆ ಅದೇ ದೊಡ್ಡ ಧೈರ್ಯ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಅಲ್ಲಿನ ಶಾಲೆಗಳಿಗೆ ರಜೆ. ರೂಮಿಗೆ ಬೆಲೆ ಜಾಸ್ತಿ, ಶಿಖರದಲ್ಲಿ ಫೋಟೋಗೆ ತಿರುಪತಿಯ ಹಾಗೆ ಕ್ಯೂ. ನವೆಂಬರಿನಿಂದ ಮಾರ್ಚ್‌ವರೆಗೆ ಮೇಲೆ ಹಿಮ, ಮಂಜುಗಡ್ಡೆ ಇರಬಹುದು. ಅದು ಬೇರೆಯದೇ ವಿದ್ಯೆ, ಐಸ್ ಕೊಡಲಿ ಹಿಡಿದು ಕಲಿಯಬೇಕಾದದ್ದು. ಈ ಲೇಖನ ನಂಬಿಕೊಂಡು ಆಗ ಹೋಗಬೇಡಿ.

ಒಂದೇ ಊರಿನಲ್ಲಿ ಬಿಡಾರ ಹೂಡಿ

ದಿನಕ್ಕೊಂದು ಊರು ಬದಲಿಸುವ ಆಸೆ ಬಿಡಿ. ಒದ್ದೆ ಬೂಟು, ಒದ್ದೆ ಕೋಟು ಹೊತ್ತುಕೊಂಡು ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟುವುದರಲ್ಲಿ ಯಾವ ಸುಖವೂ ಇಲ್ಲ. ನಾವು ಉಳಿಯುವುದು ಬೆಟುಸ್-ಅ-ಕೋಯ್ಡ್‌ನಲ್ಲಿ. ಹೆಸರಿನ ಅರ್ಥ ಕಾಡಿನ ನಡುವಿನ ಪ್ರಾರ್ಥನಾಮಂದಿರ. ರೈಲು ನಿಲ್ದಾಣವಿದೆ, ದಿನಸಿ ಅಂಗಡಿ ಇದೆ, ಬೂಟು-ಕೋಟು ಮಾರುವ ಅಂಗಡಿಗಳಂತೂ ಸಾಲಾಗಿವೆ. ಸ್ವಲ್ಪ ಪೇಟೆಯಂತೆ ಅನ್ನಿಸುತ್ತದೆ, ನಿಜ. ಬೆಟ್ಟದ ಮಡಿಲಲ್ಲೇ ಇರಬೇಕು ಅನ್ನುವವರಿಗೆ ಎರ್ ವಿದ್ವ ಹತ್ತಲು ಹೊರಡುವ ಪೆನ್-ಇ-ಪಾಸ್ ಮತ್ತು ಇಡ್ವಲ್ ಕಾಟೇಜ್‌ನಲ್ಲಿ ಯೂತ್ ಹಾಸ್ಟೆಲ್‌ಗಳಿವೆ. ಅಲ್ಲಿ ನಾವೇ ಬೇಯಿಸಿಕೊಳ್ಳಲು ಅಡುಗೆಮನೆ ಉಂಟು. ಅನ್ನ-ಸಾರು ಇಲ್ಲದೆ ಮೂರನೇ ದಿನಕ್ಕೆ ಮುಖ ಬಾಡುವವರು ನಿಮ್ಮ ಗುಂಪಿನಲ್ಲಿದ್ದರೆ ಇದು ಸಣ್ಣ ವಿಷಯವಲ್ಲ.

ಹೋಗುವ ದಾರಿ: ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಲ್ಯಾಂಡಿಡ್ನೊ ಜಂಕ್ಷನ್‌ಗೆ ಮೂರು, ಮೂರೂವರೆ ಗಂಟೆ. ಕೆಲವು ರೈಲು ನೇರ ಹೋಗುತ್ತವೆ, ಕೆಲವಕ್ಕೆ ಕ್ರೂ ಅಥವಾ ಚೆಸ್ಟರ್‌ನಲ್ಲಿ ಬದಲಾಯಿಸಬೇಕು. ಮ್ಯಾಂಚೆಸ್ಟರ್‌ನಲ್ಲಿ ವಿಮಾನ ಇಳಿದರೆ ಇನ್ನೂ ಹತ್ತಿರ. ಜಂಕ್ಷನ್‌ನಿಂದ ಕಾನ್ವಿ ಕಣಿವೆಯ ಪುಟ್ಟ ರೈಲು ಅರ್ಧ ಗಂಟೆಯಲ್ಲಿ ಬೆಟುಸ್‌ಗೆ ಬಿಡುತ್ತದೆ. ಈ ರೈಲು ದಿನಕ್ಕೆ ಕೆಲವೇ ಸಲ ಓಡುವುದು, ಆದ್ದರಿಂದ ಲಂಡನ್ ರೈಲಿಗಿಂತ ಮೊದಲು ಇದರ ಸಮಯ ನೋಡಿಕೊಳ್ಳಿ. ಜೋರು ಮಳೆಯಾಗಿ ನದಿ ಉಕ್ಕಿದರೆ ರೈಲು ನಿಂತು ಬಸ್ ಬರುತ್ತದೆ. ಗಾಬರಿ ಬೇಡ.

ಕಾರು ಬೇಕೇ? ಬೇಡ ಅನ್ನುತ್ತೇನೆ. ಸೀಸನ್ನಿನಲ್ಲಿ ಪೆನ್-ಇ-ಪಾಸ್‌ನ ಪಾರ್ಕಿಂಗ್‌ಗೆ ಮುಂಗಡ ಬುಕಿಂಗ್ ಕಡ್ಡಾಯ. ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ. 'ಶೆರ್ಪಾ' ಎಂಬ ಬಸ್ಸುಗಳು ಬೆಟ್ಟದ ಸುತ್ತಲಿನ ಊರುಗಳನ್ನೆಲ್ಲ ಜೋಡಿಸುತ್ತವೆ. ಬಸ್ಸಿನ ಇನ್ನೊಂದು ಲಾಭ: ಒಂದು ಕಡೆ ಹತ್ತಿ ಮತ್ತೊಂದು ಕಡೆ ಇಳಿಯಬಹುದು, ಕಾರಿದ್ದಲ್ಲಿಗೇ ಮರಳುವ ಪಾಡಿಲ್ಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಅಂಗೈ ಮೇಲೆ ಬರೆದುಕೊಳ್ಳಿ.

ಮೈ ಮೇಲೆ ಏನು, ಬೆನ್ನ ಮೇಲೆ ಏನು

ಭಾವನ ಜೀನ್ಸ್‌ಗೆ ಮತ್ತೆ ಬರುತ್ತೇನೆ. ಮಲೆನಾಡಿನ ಮಳೆ ಇವರ ಮಳೆಗಿಂತ ಜೋರು. ವೇಲ್ಸ್‌ನಲ್ಲೇ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಒಂದಾದ ಕ್ರೀಬ್ ಗೋಖ್‌ನಲ್ಲಿ ವರ್ಷಕ್ಕೆ ಸುಮಾರು 4,500 ಮಿಲಿಮೀಟರ್. ಆಗುಂಬೆಯ ಮುಂದೆ ಅದು ಏನೂ ಅಲ್ಲ. ಆದರೆ ಆಗುಂಬೆಯಲ್ಲಿ ನೆನೆದರೆ ನೆಗಡಿ, ಇಲ್ಲಿ ನೆನೆದರೆ ಅಪಾಯ. ಜುಲೈ ತಿಂಗಳಲ್ಲಿ ಕೆಳಗೆ ಊರಿನಲ್ಲಿ 15 ಡಿಗ್ರಿ ಇದ್ದರೆ ಮೇಲೆ ಎಂಟೋ ಒಂಬತ್ತೋ ಇರುತ್ತದೆ. ಅದರ ಮೇಲೆ ಗಾಳಿ. ಹತ್ತಿಯ ಬಟ್ಟೆ ನೀರು ಹೀರಿ ಮೈಗೆ ಅಂಟಿಕೊಂಡು ಇದ್ದ ಬಿಸಿಯನ್ನೂ ಎಳೆದುಬಿಡುತ್ತದೆ. ಜೀನ್ಸ್ ಬೇಡವೇ ಬೇಡ. ಹತ್ತಿ ಬನಿಯನ್ ಕೂಡ ಬೇಡ.

ಬೇಕಾದದ್ದು ಇಷ್ಟು. ಬೇಗ ಒಣಗುವ ಒಳ ಅಂಗಿ, ಅದರ ಮೇಲೆ ಫ್ಲೀಸ್ ಎಂಬ ಬೆಚ್ಚನೆಯ ಅಂಗಿ, ಅದರ ಮೇಲೆ ನೀರು ಒಳಬಿಡದ ಕೋಟು. ಕೋಟಿನ ಜೊತೆ ನೀರು ಒಳಬಿಡದ ಪ್ಯಾಂಟು; ಎಲ್ಲರೂ ಇದನ್ನೇ ಬಿಟ್ಟುಬರುವುದು, ಎಲ್ಲರೂ ಇದಕ್ಕೇ ಪರದಾಡುವುದು. ಬೇಸಿಗೆಯಾದರೂ ಉಣ್ಣೆ ಟೋಪಿ, ಕೈಗವಸು. ಕೊಡೆ ಮನೆಯಲ್ಲೇ ಇರಲಿ, ಮೊದಲ ಗಾಳಿಗೇ ತಿರುಚಿಕೊಳ್ಳುತ್ತದೆ. ಬೂಟು ಕಣಕಾಲು ಮುಚ್ಚುವಂಥದ್ದು, ಅಡಿ ಒರಟಾಗಿರಬೇಕು. ಹೊಸ ಬೂಟನ್ನು ಬೆಟ್ಟದಲ್ಲೇ ಮೊದಲು ಹಾಕುವುದು ಅಂದರೆ ಬೊಬ್ಬೆಯನ್ನು ಕೈಯಾರೆ ಕರೆದಂತೆ. ಕನಿಷ್ಠ ಒಂದು ತಿಂಗಳು ತರಕಾರಿ ತರಲು ಹೋಗುವಾಗಲೂ ಅದನ್ನೇ ಹಾಕಿಕೊಳ್ಳಿ. ಬೀದಿಯವರು ನಕ್ಕರೆ ನಗಲಿ.

ಚೀಲದಲ್ಲಿ ತಲೆಗೆ ಕಟ್ಟುವ ಟಾರ್ಚು, ಸೀಟಿ, ಬೊಬ್ಬೆಗೆ ಪಟ್ಟಿ, ಒಂದೂವರೆ ಲೀಟರ್ ನೀರು. ಮುಖ್ಯವಾಗಿ ಕಾಗದದ ನಕ್ಷೆ. ಬ್ರಿಟನ್ನಿನ ನಕ್ಷೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ಓಎಲ್ 17 ಎಂಬ ಹಾಳೆಯಲ್ಲಿ ಈ ಲೇಖನದ ನಡಿಗೆಗಳೆಲ್ಲ ಬಹುಪಾಲು ಬರುತ್ತವೆ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹಸಿರು ತುಂಡುಗೆರೆ ಕಂಡರೆ ಅದು ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ದಾರಿ, ಯಾರದೋ ಹೊಲದ ನಡುವೆ ಹೋದರೂ ಸರಿಯೇ. ಫೋನ್ ಸಾಲದೇ ಅಂದರೆ, ಸಾಲದು. ಕಣಿವೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ.

ಬುತ್ತಿಯ ವಿಷಯ. ಊರಿನಿಂದ ಬರುವವರು ಧಾರವಾಡ ಪೇಡ, ತುಪ್ಪದ ಉಂಡೆ ತರಬೇಡಿ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಎರಡನ್ನೂ ಭಾರತದಿಂದ ಅಲ್ಲಿಗೆ ಒಯ್ಯುವಂತಿಲ್ಲ. ಕಡಲೆ ಚಿಕ್ಕಿ, ಕೋಡುಬಳೆ, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಬನ್ನಿ. ಅಲ್ಲಿ ಯಾವ ರೂಮಿನಲ್ಲಾದರೂ ಕೆಟಲ್ ಇರುತ್ತದೆ. ಬಿಸಿನೀರು ಹುಯ್ದು ಮುಚ್ಚಿಟ್ಟರೆ ಐದು ನಿಮಿಷಕ್ಕೆ ಗೊಜ್ಜವಲಕ್ಕಿ. ಬೆಟ್ಟದ ಮೇಲೆ ಮಾತ್ರ ಚಪಾತಿಯೊಳಗೆ ಚಟ್ನಿಪುಡಿ ಸುರುಳಿ ಸುತ್ತಿದ್ದಕ್ಕೆ ಸಾಟಿಯಿಲ್ಲ. ಗಾಳಿಗೆ ಹಾರುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ಕೈಗವಸು ತೆಗೆಯದೆ ತಿನ್ನಬಹುದು.

ಲೆಕ್ಕ ಹಾಕುವ ವಿಧಾನ

ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಬೆಟ್ಟಗಾರ 1892ರಲ್ಲಿ ಒಂದು ಸೂತ್ರ ಹೇಳಿದ. ಈಗ ಅದನ್ನು ಬಳಸುವುದು ಹೀಗೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಪೆನ್-ಇ-ಪಾಸ್‌ನಿಂದ ಎರ್ ವಿದ್ವ ಹೋಗಿಬರಲು ಸುಮಾರು 11-12 ಕಿಲೋಮೀಟರ್, ಏರಿಕೆ ಸುಮಾರು 725 ಮೀಟರ್. ನೇಸ್ಮಿತ್ ಲೆಕ್ಕಕ್ಕೆ ಮೂರೂವರೆ ಗಂಟೆ. ನೇಸ್ಮಿತ್‌ನ ಜೊತೆಯಲ್ಲಿ ನಮ್ಮ ಅಕ್ಕ ಇರಲಿಲ್ಲ. ಫೋಟೋ, ಬುತ್ತಿ, ಕುರಿ ಮಾತಾಡಿಸುವುದು ಎಲ್ಲ ಸೇರಿ ಅದನ್ನು ಎರಡರಿಂದ ಗುಣಿಸಿ. ಏಳು ಗಂಟೆ.

ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರಿಗೆ ಈ ಏರಿಕೆ ಅದರ ಅರ್ಧವೂ ಅಲ್ಲ. ಹತ್ತದವರು ಎರಡು ತಿಂಗಳು ಮುಂಚೆ ಶುರುಮಾಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ. ಹತ್ತಿ ಬಸ್ಸಿನಲ್ಲಿ ಇಳಿಯುವುದಲ್ಲ, ಮೆಟ್ಟಿಲಿನಲ್ಲೇ ಇಳಿಯಿರಿ. ಮಂಡಿ ಮುರಿಯುವುದು ಇಳಿಯುವಾಗ.

ಚೀಟಿಗಳು

ಶನಿವಾರ ತಲುಪಿ ಮುಂದಿನ ಶುಕ್ರವಾರ ಹೊರಡುತ್ತೀರಿ ಎಂದಿಟ್ಟುಕೊಳ್ಳಿ. ನಡುವೆ ಐದು ಪೂರ್ತಿ ದಿನ. ಚೀಟಿ ಏಳು ಬರೆಯಿರಿ: ಎರಡು ಬಿಸಿಲಿನವು, ಮೂರು ಮೋಡದವು, ಎರಡು ಮಳೆಯವು. ಎರಡು ಚೀಟಿ ಉಳಿಯುತ್ತವೆ. ಉಳಿಯಲೇಬೇಕು, ಇಲ್ಲದಿದ್ದರೆ ಅದು ಮತ್ತೆ ವೇಳಾಪಟ್ಟಿಯೇ.

ದಿನಾ ರಾತ್ರಿ ಊಟವಾದಮೇಲೆ ಹವಾಮಾನ ಇಲಾಖೆಯವರ, ಅಂದರೆ ಮೆಟ್ ಆಫೀಸಿನ, ಎರರಿ ಬೆಟ್ಟದ ಮುನ್ಸೂಚನೆ ತೆಗೆಯಿರಿ. ಊರಿನ ಮುನ್ಸೂಚನೆ ಅಲ್ಲ, ಬೆಟ್ಟದ್ದು. ಎರಡೂ ಬೇರೆ. ಅದರಲ್ಲಿ ಮೂರು ಸಾಲು ಓದಿದರೆ ಸಾಕು: ಮೋಡದ ತಳ ಎಷ್ಟು ಎತ್ತರದಲ್ಲಿ, ಶಿಖರದಲ್ಲಿ ಗಾಳಿಯ ವೇಗ ಎಷ್ಟು, ಮಳೆ ಎಷ್ಟು ಹೊತ್ತಿಗೆ. ಮೋಡದ ತಳ ಶಿಖರಕ್ಕಿಂತ ಎತ್ತರದಲ್ಲಿದ್ದು ಗಾಳಿ ಗಂಟೆಗೆ 25 ಮೈಲಿಗಿಂತ ಕಡಿಮೆ ಇದ್ದರೆ ನಮ್ಮ ಮನೆಯಲ್ಲಿ ಬಿಸಿಲ ಚೀಟಿ. 40 ಮೈಲಿ ಗಾಳಿ ಅಂದರೆ ನೆಟ್ಟಗೆ ನಡೆಯುವುದೇ ಕಷ್ಟ.

ಬಂದ ದಿನಕ್ಕೆ ಚೀಟಿ ಬೇಡ. ಪೆಟ್ಟಿಗೆ ಇಟ್ಟು, ಬೆಟುಸ್‌ನ ಸೇಂಟ್ ಮೇರಿ ಚರ್ಚಿನ ಹಿಂದಿನಿಂದ ಕಾಡು ಹತ್ತಿ ಹ್ಲಿನ್ ಎಲ್ಸಿ ಕೆರೆಗೆ ಹೋಗಿಬನ್ನಿ. ಎರಡು ಮೂರು ಗಂಟೆ. ಬೂಟು ಎಲ್ಲಿ ಕಚ್ಚುತ್ತದೆ, ಕೋಟಿನ ಜಿಪ್ ಏಳುತ್ತದೋ ಇಲ್ಲವೋ ಎಲ್ಲ ಇಲ್ಲೇ ಗೊತ್ತಾಗಲಿ. ಊರಿನಲ್ಲಿ ಅಂಗಡಿಗಳು ಇರುವುದು ಇದಕ್ಕೇ.

ಬಿಸಿಲ ಚೀಟಿ: ಎರ್ ವಿದ್ವ. ಶಿಖರಕ್ಕೆ ಆರು ಮುಖ್ಯ ದಾರಿಗಳಿವೆ. ಲ್ಯಾನ್‌ಬೆರಿಸ್ ಕಡೆಯದು ಸುಲಭ, ಉದ್ದ, ಸ್ವಲ್ಪ ಬೇಜಾರು. ಪಕ್ಕದಲ್ಲೇ 1896ರಿಂದ ಓಡುತ್ತಿರುವ ಹಲ್ಲುಹಳಿಯ ಪುಟ್ಟ ರೈಲು ನಿಮ್ಮನ್ನು ಅಣಕಿಸುತ್ತಾ ಹೋಗುತ್ತದೆ. ನಾನು ಹೇಳುವುದು ಪೆನ್-ಇ-ಪಾಸ್‌ನಿಂದ 'ಪಿಗ್' ದಾರಿಯಲ್ಲಿ ಹತ್ತಿ 'ಮೈನರ್ಸ್' ದಾರಿಯಲ್ಲಿ ಇಳಿಯುವುದು. ಬೆಳಗ್ಗೆ ಮೊದಲ ಬಸ್ಸು ಹಿಡಿಯಿರಿ.

ಪಿಗ್ ದಾರಿ ಶುರುವಿನಿಂದಲೇ ಕಲ್ಲಿನ ಮೆಟ್ಟಿಲು. ಮುಕ್ಕಾಲು ಗಂಟೆಗೆ ಬುಲ್ಖ್ ಅ ಮೋಖ್ ಎಂಬ ಕಣಿವೆಬಾಯಿ ಬರುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಇಲ್ಲಿ ದಾರಿ ಒಡೆಯುತ್ತದೆ, ಎಡದ್ದು ನಮ್ಮದು. ಬಲಕ್ಕೆ ಮೇಲೆ ಏರುವುದು ಕ್ರೀಬ್ ಗೋಖ್. ಅದು ಎರಡೂ ಕಡೆ ಪ್ರಪಾತವಿರುವ, ಕತ್ತಿಯಲುಗಿನಂಥ ಬಂಡೆ ಸಾಲು. ಮುಂದೆ ಹೋಗುವವರ ಬೆನ್ನು ನೋಡಿಕೊಂಡು ಸುಮ್ನೆ ಹಿಂಬಾಲಿಸಿ ಅಲ್ಲಿಗೆ ಹೋಗಿ ಸಿಕ್ಕಿಕೊಂಡವರು ಬಹಳ. ಜನ ಹೋದ ಕಡೆ ಹೋಗುವುದು ನಮ್ಮ ಅಭ್ಯಾಸ, ಅಲ್ವಾ? ಇಲ್ಲಿ ನಕ್ಷೆ ತೆಗೆಯಿರಿ.

ಎಡಕ್ಕೆ ತಿರುಗಿದ ಕೂಡಲೇ ಕೆಳಗೆ ಹ್ಲಿನ್ ಹ್ಲಡೌ ಕೆರೆ ಕಾಣುತ್ತದೆ. ದಾರಿ ಬೆಟ್ಟದ ಪಕ್ಕೆ ಹಿಡಿದು ಏರಿ, ಕೊನೆಗೆ ಅಂಕುಡೊಂಕಾಗಿ ಬುಲ್ಖ್ ಗ್ಲಾಸ್ ಎಂಬ ಬೆನ್ನಿಗೆ ಬಂದು ರೈಲು ಹಳಿಯನ್ನು ಸೇರುತ್ತದೆ. ಅಲ್ಲೊಂದು ಎತ್ತರದ ಕಲ್ಲು ನಿಲ್ಲಿಸಿದ್ದಾರೆ. ಅದರ ಫೋಟೋ ತೆಗೆದುಕೊಳ್ಳಿ, ಅಂದಕ್ಕಲ್ಲ. ಇಳಿಯುವಾಗ ಮೋಡ ಕವಿದರೆ ಆ ಕಲ್ಲನ್ನು ದಾಟಿ ಹಳಿಯ ಜೊತೆಯೇ ಹೋಗಿ ಬೆಟ್ಟದ ಇನ್ನೊಂದು ಕಡೆ ಲ್ಯಾನ್‌ಬೆರಿಸ್‌ನಲ್ಲಿ ಇಳಿದುಬಿಡುತ್ತಾರೆ. ಶಿಖರದಲ್ಲಿ 2009ರಲ್ಲಿ ತೆರೆದ ಹವೊಡ್ ಎರರಿ ಎಂಬ ಕಟ್ಟಡವಿದೆ, ಒಳಗೆ ಚಹಾ ಸಿಗುತ್ತದೆ. ಆದರೆ ರೈಲು ಮೇಲಕ್ಕೆ ಬರುವ ದಿನಗಳನ್ನು ನಂಬಿಕೊಂಡ ಅಂಗಡಿ ಅದು. ನಿಮ್ಮ ಫ್ಲಾಸ್ಕು ನಿಮ್ಮ ಬಳಿ ಇರಲಿ.

ಇಳಿಯುವಾಗ ಬುಲ್ಖ್ ಗ್ಲಾಸ್‌ನಿಂದ ಸ್ವಲ್ಪ ದೂರ ಪಿಗ್ ದಾರಿಯಲ್ಲೇ ಬಂದು, ಬಲಕ್ಕೆ ಕಡಿದಾಗಿ ಗ್ಲಾಸ್‌ಲಿನ್ ಕೆರೆಗೆ ಇಳಿಯಬೇಕು. ಕಲ್ಲು ಸಡಿಲ, ನಿಧಾನ. ಆಮೇಲೆ ಎಲ್ಲ ಸಲೀಸು. ಮೈನರ್ಸ್ ಅಂದರೆ ತಾಮ್ರದ ಗಣಿಯ ಆಳುಗಳು. ಅವರಿಗಾಗಿ ಮಾಡಿದ ದಾರಿಯಾದ್ದರಿಂದ ಕೊನೆಯ ನಾಲ್ಕು ಕಿಲೋಮೀಟರ್ ಗಾಡಿ ಓಡುವಷ್ಟು ಅಗಲ. ಪಾಳು ಬಿದ್ದ ಗಣಿ ಕಟ್ಟಡ, 1853ರಲ್ಲಿ ಹ್ಲಡೌ ಕೆರೆಗೆ ಅಡ್ಡಲಾಗಿ ಹಾಕಿದ ಕಲ್ಲಿನ ಏರಿ ಎಲ್ಲ ದಾಟಿ ಪೆನ್-ಇ-ಪಾಸ್‌ಗೆ ಬರುತ್ತೀರಿ. ಸ್ವಲ್ಪ ಕೆಳಗೆ ಪೆನ್-ಅ-ಗುರಿಡ್ ಎಂಬ ಹಳೆಯ ಹೋಟೆಲಿದೆ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡ ತಯಾರಿಗೆ ಉಳಿದಿದ್ದ ಜಾಗ. ಸೂರಿನ ಮೇಲೆ ಅವರ ಸಹಿಗಳಿವೆ.

ಎರಡನೇ ಬಿಸಿಲ ಚೀಟಿ: ಮೋಯ್ಲ್ ಶಾಬೊಡ್. 872 ಮೀಟರ್. ಕಾಪೆಲ್ ಕಿರಿಗ್ ಹತ್ತಿರದ ಪಾಂಟ್ ಕವಿಂಗ್ ಸೇತುವೆಯಿಂದ ಹತ್ತಿ, ನೀರು ತುಂಬಿದ ಹಳೆಯ ಕಲ್ಲುಗಣಿಯ ಪಕ್ಕದಿಂದ ಹೋಗುವ ದಾರಿ. ಎರ್ ವಿದ್ವದಲ್ಲಿ ಸಾವಿರ ಜನರಿದ್ದರೆ ಇಲ್ಲಿ ಹತ್ತು ಜನ. ಕೊನೆಗೆ ಕೈ ಹಾಕಿ ಬಂಡೆ ಏರುವ ಒಂದು ಸಾಲು ಇದೆ, ಬೇಡವಾದವರು ಬಂದ ದಾರಿಯಲ್ಲಿ ಮರಳಿ. ಇಷ್ಟು ಸಾಕು, ಹತ್ತಿದವರೇ ಉಳಿದದ್ದು ನೋಡಿಕೊಳ್ಳಲಿ.

ಮೋಡದ ಚೀಟಿ: ಕೂಮ್ ಇಡ್ವಲ್. ನನ್ನನ್ನು ಕೇಳಿದರೆ ವಾರದ ಒಳ್ಳೆಯ ದಿನ ಇದೇ. ಆಗ್ವೆನ್ ಕಣಿವೆಯಲ್ಲಿ ಬಸ್ಸಿಳಿದು, ಕೆರೆಯ ಸುತ್ತ ಐದೇ ಕಿಲೋಮೀಟರ್. ಸುತ್ತಲೂ ಕರೀ ಬಂಡೆ ಗೋಡೆ, ನಡುವೆ ಕೆರೆ, ಮೋಡ ಇಳಿದಷ್ಟೂ ಚೆಂದ. ವೇಲ್ಸ್‌ನ ಮೊದಲ ರಾಷ್ಟ್ರೀಯ ನಿಸರ್ಗಧಾಮ ಇದು, 1954ರದ್ದು. ಚಾರ್ಲ್ಸ್ ಡಾರ್ವಿನ್ 1831ರಲ್ಲಿ ತನ್ನ ಗುರು ಸೆಜ್‌ವಿಕ್ ಜೊತೆ ಬಂದು ಇಲ್ಲಿ ಗಂಟೆಗಟ್ಟಲೆ ಕಲ್ಲು ತಿರುವಿಹಾಕುತ್ತಾ ಪಳೆಯುಳಿಕೆ ಹುಡುಕಿದ. ಈ ಬಟ್ಟಲನ್ನೇ ಹಿಮನದಿ ಕೊರೆದಿದ್ದು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. 1842ರಲ್ಲಿ ಮತ್ತೆ ಬಂದಾಗ ನೋಡಿದರೆ ಎಲ್ಲವೂ ಕಣ್ಣೆದುರೇ ಇತ್ತು: ಗೀರು ಬಿದ್ದ ಬಂಡೆಗಳು, ಹಿಮ ತಳ್ಳಿಟ್ಟುಹೋದ ಕಲ್ಲಿನ ದಿಬ್ಬಗಳು. ಸುಟ್ಟುಹೋದ ಮನೆ ಕೂಡ ತನ್ನ ಕಥೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ ಎಂಬ ಅರ್ಥದಲ್ಲಿ ಬರೆದುಕೊಂಡ. ಕೆರೆಯ ತುದಿಯ ದಿಬ್ಬಗಳ ಮೇಲೆ ಕೂತು ಬುತ್ತಿ ಬಿಚ್ಚಿ, ನೀವೂ ಹುಡುಕಿ.

ಬಸ್ಸಿನ ಕಿಟಕಿಯಿಂದ ಮೂರು ತಲೆಯ ಒಂದು ಬೆಟ್ಟ ರಸ್ತೆ ಮೇಲೆಯೇ ಎರಗಿದಂತೆ ಕಾಣುತ್ತದೆ. ಅದು ಟ್ರವನ್. ಯಾವ ದಾರಿಯಲ್ಲಿ ಹೋದರೂ ಕೈ ಬಳಸದೆ ತುದಿ ಮುಟ್ಟಲಾಗದು. ಮೊದಲ ಸಲ ಹೋದವರಿಗೆ ಕಿಟಕಿಯಿಂದ ನೋಡಲು ಮಾತ್ರ.

ಮೋಡದ ಚೀಟಿ: ಬೆದ್‌ಗೆಲರ್ಟ್. ಇಲ್ಲಿಗೆ ಹೋಗಲು ಕನ್ನಡದವರಿಗೆ ಬೇರೆಯೇ ಕಾರಣವಿದೆ. ಊರಿನ ಹೆಸರಿಗೆ ಗೆಲರ್ಟ್‌ನ ಸಮಾಧಿ ಎಂದು ಅರ್ಥ ಹೇಳುತ್ತಾರೆ. ಗೆಲರ್ಟ್ ಒಂದು ನಾಯಿ. ರಾಜ ಹ್ಲವೆಲಿನ್ ಬೇಟೆಯಿಂದ ಬಂದು ನೋಡಿದರೆ ತೊಟ್ಟಿಲು ಬಿದ್ದಿದೆ, ಮಗು ಇಲ್ಲ, ನಾಯಿಯ ಬಾಯಿ ರಕ್ತ. ಕತ್ತಿ ಬೀಸಿದ. ಆಮೇಲೆ ಮಗುವಿನ ಅಳು ಕೇಳಿಸಿತು. ಪಕ್ಕದಲ್ಲಿ ಸತ್ತ ತೋಳ. ನಾಯಿಯ ಜಾಗದಲ್ಲಿ ಮುಂಗುಸಿ, ತೋಳದ ಜಾಗದಲ್ಲಿ ಹಾವು ಇಟ್ಟರೆ ನಮ್ಮ ಅಜ್ಜಿ ಹೇಳಿದ ಪಂಚತಂತ್ರದ ಕಥೆ. ಕಥೆ ದೇಶ ದೇಶ ದಾಟಿ ಇಲ್ಲಿಗೆ ಬಂದದ್ದು. ಸಮಾಧಿಯನ್ನು 18ನೇ ಶತಮಾನದ ಕೊನೆಯಲ್ಲಿ ಊರಿನ ಹೋಟೆಲಿನವನೊಬ್ಬ ಗಿರಾಕಿಗಳು ಬರಲಿ ಎಂದು ಮಾಡಿಸಿದ ಅನ್ನುತ್ತಾರೆ. ಅದೆಲ್ಲ ಗೊತ್ತಿದ್ದೂ ಅಕ್ಕ ಆ ಕಲ್ಲಿನ ಮುಂದೆ ನಿಂತು ಮೂಗು ಒರೆಸಿಕೊಂಡಳು.

ಸಮಾಧಿಯಿಂದ ಹಾಗೇ ನದಿ ಹಿಡಿದು ದಕ್ಷಿಣಕ್ಕೆ ನಡೆದರೆ ಅಬರ್‌ಗ್ಲಾಸ್‌ಲಿನ್ ಕಮರಿ. ದಾರಿ ನೀರಿಗೆ ಅಂಟಿಕೊಂಡೇ ಹೋಗುತ್ತದೆ, ಕೆಲವು ಕಡೆ ಬಂಡೆಗೆ ಬಡಿದ ಕಬ್ಬಿಣದ ಹಿಡಿ ಹಿಡಿದು ದಾಟಬೇಕು. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಈ ಚೀಟಿ ಎತ್ತಬೇಡಿ.

ಮೂರನೇ ಮೋಡದ ಚೀಟಿ: ಕ್ರಿಂಪಿಯೈ. ಕಾಪೆಲ್ ಕಿರಿಗ್ ಹಿಂದಿನ 475 ಮೀಟರಿನ ಪುಟ್ಟ ಗುಡ್ಡ. ಅರ್ಧ ದಿನ ಸಾಕು.

ಮಳೆ ಚೀಟಿಗಳು. ಮಳೆ ಹುಯ್ಯುವಾಗ ನೆಲದ ಕೆಳಗೆ ಹೋಗುವುದೇ ಜಾಣತನ. ಬೆಟುಸ್‌ಗೆ ಬಂದ ಅದೇ ಪುಟ್ಟ ರೈಲಿನಲ್ಲಿ ಕೊನೆಯ ನಿಲ್ದಾಣ ಬ್ಲೈನೈ ಫೆಸ್ಟಿನಿಯೊಗ್‌ಗೆ ಹೋದರೆ ಹೆಂಚಿನ ಹಾಗೆ ಸೀಳುವ ಸ್ಲೇಟ್ ಕಲ್ಲಿನ ಗಣಿಯ ಒಳಗೆ ಇಳಿಸಿ ತೋರಿಸುತ್ತಾರೆ. ನಾವು ಶಾಲೆಯಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನ ಕಲ್ಲೇ ಅದು. ಈ ಕಲ್ಲುಗಣಿ ಸೀಮೆಗೆ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಇನ್ನೊಂದು ಮಳೆ ಚೀಟಿ ಕಾನ್ವಿ ಪಟ್ಟಣ. 1283ರಿಂದ 1287ರ ನಡುವೆ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೆಲ್ಷ್ ಜನರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿಸಿದ ಕೋಟೆ. ಟಿಕೆಟ್ ಮೊದಲೇ ತೆಗೆಯಬೇಡಿ, ಬಾಗಿಲಲ್ಲಿ ತೆಗೆಯಿರಿ. ಯಾಕೆ ಅಂತ ಮೊದಲೇ ಹೇಳಿದ್ದೇನೆ.

ಫಲಕ ಓದಲು ಹತ್ತು ನಿಮಿಷದ ಪಾಠ

ವೆಲ್ಷ್ ನೋಡಲು ಭಯ, ಓದಲು ಸುಲಭ. ಕನ್ನಡದ ಹಾಗೆ ಬರೆದಂತೆ ಓದುವ ಭಾಷೆ, ಅಕ್ಷರಗಳ ಬೆಲೆ ಮಾತ್ರ ಬೇರೆ. ಎಫ್ ಒಂದಿದ್ದರೆ 'ವ', ಎರಡಿದ್ದರೆ 'ಫ'. ಡಬ್ಲ್ಯೂ ಸ್ವರ, ಬಹುಮಟ್ಟಿಗೆ 'ಉ'. ಡಿ ಎರಡಿದ್ದರೆ ನಮ್ಮ 'ದ'ಕ್ಕೆ ಹತ್ತಿರ. ಎಲ್ ಎರಡಿದ್ದರೆ ನಾಲಿಗೆಯನ್ನು 'ಲ' ಜಾಗದಲ್ಲಿಟ್ಟು ಬರೀ ಗಾಳಿ ಊದಬೇಕು; ಇಲ್ಲಿ ನಾನು 'ಹ್ಲ' ಎಂದು ಬರೆದದ್ದು ಅದನ್ನೇ.

ಪದಗಳು ಗೊತ್ತಾದರೆ ನಕ್ಷೆ ಮಾತಾಡತೊಡಗುತ್ತದೆ. ಹ್ಲಿನ್ ಅಂದರೆ ಕೆರೆ. ಕೂಮ್ ಅಂದರೆ ಬೆಟ್ಟದೊಳಗಿನ ಬಟ್ಟಲು. ಬುಲ್ಖ್ ಎರಡು ಬೆಟ್ಟದ ನಡುವಿನ ಘಾಟಿ. ಮೋಯ್ಲ್ ಅಂದರೆ ಬೋಳು ಗುಡ್ಡ. ಗೋಖ್ ಕೆಂಪು, ದೀ ಕಪ್ಪು. ವೌರ್ ದೊಡ್ಡದು, ವಾಖ್ ಚಿಕ್ಕದು. ಗ್ಲಿಡರ್ ವೌರ್, ಗ್ಲಿಡರ್ ವಾಖ್ ಎಂದು ಅಕ್ಕಪಕ್ಕ ಎರಡು ಬೆಟ್ಟಗಳಿವೆ, ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಹಾಗೆ. ರಸ್ತೆ ಮೇಲೆ 'ಅರವ್' ಎಂದು ಬರೆದಿದ್ದರೆ ನಿಧಾನ ಎಂದು. ಅಂಗಡಿಯಲ್ಲಿ 'ದಿಯೊಲ್ಖ್' ಅಂದರೆ ಧನ್ಯವಾದ. ಹೇಳಿ ನೋಡಿ, ಮುಖ ಅರಳುತ್ತದೆ.

ಹೋಟೆಲಿನಲ್ಲಿ ಸಸ್ಯಾಹಾರ ಸಿಗುತ್ತದೆ. ಚೀಸ್ ಮತ್ತು ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು ಸೇರಿಸಿ ಮಾಡುವ ಗ್ಲಮಾರ್ಗನ್ ಸಾಸೇಜ್ ಹೆಸರಿಗೆ ಸಾಸೇಜ್, ಮಾಂಸವಿಲ್ಲ. ಕೌಲ್ ಎಂಬ ಸಾರಿನಲ್ಲಿ ಸಾಮಾನ್ಯವಾಗಿ ಕುರಿಮಾಂಸ ಇರುತ್ತದೆ. ಕಾವಲಿ ಮೇಲೆ ಸುಡುವ ವೆಲ್ಷ್ ಕೇಕಿಗೆ ಹಿಂದೆ ಹಂದಿ ಕೊಬ್ಬು ಹಾಕುತ್ತಿದ್ದರು, ಈಗ ಹೆಚ್ಚಾಗಿ ಬೆಣ್ಣೆ, ಕೇಳಿ ತಿನ್ನಿ. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಏಳಕ್ಕೇ ಹೋಗಿ.

ಎಡವಟ್ಟಾದರೆ

ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ನೀವು ಉಳಿದುಕೊಂಡ ಮನೆಯವರಿಗೆ ಹೇಳಿಹೋಗಿ. ಯಾರಾದರೂ ಬಿದ್ದರೆ 999 ಅಥವಾ 112ಕ್ಕೆ ಕರೆ ಮಾಡಿ, ಮೊದಲು 'ಪೊಲೀಸ್' ಎನ್ನಿ, ಆಮೇಲೆ 'ಮೌಂಟನ್ ರೆಸ್ಕ್ಯೂ' ಎನ್ನಿ. ನೇರ ಆಂಬುಲೆನ್ಸ್ ಕೇಳಿದರೆ ಸುತ್ತು ದಾರಿಯಾಗುತ್ತದೆ. ಬರುವವರು ಊರಿನ ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಸಿಗ್ನಲ್ ಇಲ್ಲದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ರಾತ್ರಿಯಾದರೆ ಟಾರ್ಚಿನಲ್ಲಿ ಹಾಗೆಯೇ. ಮೂರು ಸೀಟಿ ಕೇಳಿಸಿದರೆ ಅದು ಉತ್ತರ.

ಇನ್ನು ಸಣ್ಣಪುಟ್ಟದ್ದು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ. ಮುಚ್ಚಿದ್ದನ್ನು ತೆರೆದಿಟ್ಟರೆ ರೈತನ ಕುರಿಯೆಲ್ಲ ರಸ್ತೆಯಲ್ಲಿ. ಮಿಂಚುವ ಹಸಿರು ಪಾಚಿಯ ನೆಲ ಕಂಡರೆ ಕಾಲಿಡಬೇಡಿ, ಮೊಣಕಾಲುವರೆಗೆ ಕೆಸರು. ಸಂಜೆ ಕಾಲು, ಮಂಡಿ ಹಿಂಭಾಗ ಎಲ್ಲ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ. ಒದ್ದೆ ಬೂಟಿನೊಳಗೆ ಹಳೆಯ ಪೇಪರ್ ತುರುಕಿ ರಾತ್ರಿ ಬಿಟ್ಟರೆ ಬೆಳಗ್ಗೆ ಅರ್ಧ ಒಣಗಿರುತ್ತದೆ. ಹೀಟರಿನ ಮೇಲೆ ಇಟ್ಟರೆ ಚರ್ಮ ಬಿರಿಯುತ್ತದೆ.

ಎರಡನೇ ಸಲ ಹೋದಾಗ ನಮಗೆ ಒಂದೇ ಒಂದು ಬಿಸಿಲ ಚೀಟಿಯ ದಿನ ಸಿಕ್ಕಿತು, ಮಂಗಳವಾರ. ಎರ್ ವಿದ್ವ ಎತ್ತಿದೆವು. ಬುಲ್ಖ್ ಗ್ಲಾಸ್‌ನ ಕಲ್ಲಿನ ಹತ್ತಿರ ಭಾವ ನಿಂತು ಕೆಳಗೆ ನೋಡಿ, "ಆ ಬಂಡೆ ಕಾಣುತ್ತಾ? ಹೋದ ವರ್ಷ ನಾನು ಕೂತಿದ್ದು ಅಲ್ಲೇ" ಎಂದರು. ನೋಡಿದರೆ ಅದು ದಾರಿಯಿಂದ ಇಪ್ಪತ್ತು ಹೆಜ್ಜೆ ಆಚೆ ಇತ್ತು. ಅವತ್ತು ನಾವು ದಾರಿಯಲ್ಲಿಯೇ ಇರಲಿಲ್ಲ.

ಶುಕ್ರವಾರ ಕೈಯಲ್ಲಿ ಉಳಿದದ್ದು ಶಾಬೊಡ್ ಮತ್ತು ಕ್ರಿಂಪಿಯೈ ಚೀಟಿಗಳು. ರೈಲು ಮಧ್ಯಾಹ್ನಕ್ಕಿತ್ತು. ಬೆಳಗ್ಗೆ ಬೇಗ ಎದ್ದು ಕ್ರಿಂಪಿಯೈ ಹತ್ತಿ ಇಳಿದೆವು. ಶಾಬೊಡ್ ಚೀಟಿಯನ್ನು ಭಾವ ಮಡಚಿ ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟುಕೊಂಡರು.